ನೀಲಿ ಸಾರು

ಹರಪನಹಳ್ಳಿ
3 ಆಗಸ್ಟ್ 2008

ಶಾಂಭವಿ,

ಜೈಭೀಮ್. ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಹೇಗಿದ್ದೀ ಎಂದು ಕೇಳುವ ತಾಳ್ಮೆ ಇವತ್ತು ನನಗಿಲ್ಲ.

ಫೋನು ಮಾಡಬಹುದಿತ್ತಲ್ಲ, ಕಾಗದ ಯಾಕೆ ಎಂದುಕೊಳ್ಳುತ್ತೀಯೇನೋ. ನನ್ನ ಸಿಮ್ಮನ್ನು ಮುರಿದು ಎಸೆದಿದ್ದೇನೆ. ಯಾರೋ ನನ್ನ ನಂಬರನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವಾಗ, ಒಲೆಯ ಮುಂದೆ ನಿಂತಾಗ, ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ಗುರುತಿಲ್ಲದ ಗಂಡಸರು ಫೋನು ಮಾಡಿ, "ಮೇಡಂ, ನೀಲಿ ಸಾರು ಐತೇನ್ರಿ?" ಎಂದು ಕೇಳಿ ನಗುತ್ತಿದ್ದರು.

ನೀಲಿ ಸಾರು ಎಂದರೇನೆಂದು ನಿನಗೆ ಗೊತ್ತು. ನಮ್ಮೂರಿನ ಹುಡುಗರು ನೆಟ್ಟಿನಲ್ಲಿ ಕಟ್ಟಿಕೊಂಡಿರುವ 'ನಮ್ಮೂರ ಹುಲಿಗಳು' ಎಂಬ ಗುಂಪಿನಲ್ಲಿ ನಿನ್ನ ಹೆಸರೂ ಇದೆ, ಮದುವೆಯ ಫೋಟೋದ ಸಮೇತ. ಆದರೂ ಬರೆಯುತ್ತೇನೆ. ಪರದೆಯ ಮೇಲೆ ಓದಿದ್ದನ್ನು ಒಮ್ಮೆ ನನ್ನ ಕೈಬರಹದಲ್ಲೂ ಓದು.

ಜೂನ್‌ನಲ್ಲಿ ನನ್ನ ಅವ್ವನನ್ನು ಊರ ಶಾಲೆಯ ಬಿಸಿಯೂಟಕ್ಕೆ ಮುಖ್ಯ ಅಡುಗೆಯವಳಾಗಿ ತೆಗೆದುಕೊಂಡರು. ಅವಳ ಖುಷಿ ಏನು ಕೇಳುತ್ತೀ! ಗುಡೇಕೋಟೆಯಲ್ಲಿರುವ ತಂಗಿಯ ಮನೆಗೆ ಹೋಗಿ ಹೇಳಿ ಬಂದಳು. ಜುಲೈ ಕೊನೆಗೆ ಆ ಗುಂಪಿನಲ್ಲಿ ಅವಳ ಫೋಟೋ ಬಂತು. ಶಾಲೆಯ ಅಡುಗೆಮನೆ, ಮುಂದೆ ದೊಡ್ಡ ಪಾತ್ರೆ, ಕೈಯಲ್ಲಿ ಸೌಟು. ಅವ್ವ ನಗುತ್ತಿದ್ದಾಳೆ. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡ: "ಇವತ್ತಿನ ಸ್ಪೆಷಲ್ ನೀಲಿ ಸಾರು. ಉಂಡು ಬಂದ ಹುಡುಗ್ರನ್ನ ಹೊರಗ ಜಳಕ ಮಾಡ್ಸಿ ಮನಿಯೊಳಗ ಕರಕೊಳ್ರಿ." ಆಮೇಲೆ ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ಸರ್ಕಾರದ ಅಳಿಯಂದಿರ ಅತ್ತಿ ಅಡಿಗಿ ಅಂತ ಒಬ್ಬ. ಸತ್ತ ಎಮ್ಮಿ ಎಲ್ಲಿ ಹೋತು, ಸಾರಿನಾಗ ಹುಡುಕ್ರಿ ಅಂತ ಇನ್ನೊಬ್ಬ. ಮಕ್ಕಳು ವಾಂತಿ ಮಾಡಿಕೊಂಡು ಕೂಡ್ಲಿಗಿ ಆಸ್ಪತ್ರೆ ಸೇರಿದವು ಎಂದು, ಫೋಟೋ ಹಾಕಿದವನೇ ಮತ್ತೆ ಬರೆದ. ಒಂದು ಮಗುವಿಗೂ ಹೊಟ್ಟೆ ನೋಯಲಿಲ್ಲ. ಒಂದು ಮಗುವೂ ಆಸ್ಪತ್ರೆಯ ಮುಖ ನೋಡಲಿಲ್ಲ.

ನಮ್ಮೂರಲ್ಲಿ ಕಂಪ್ಯೂಟರೇ ಇಲ್ಲ, ಯಾರು ಓದುತ್ತಾರೆ ಎನ್ನುವ ಹಾಗಿಲ್ಲ. ಯಾರೋ ಕೊಟ್ಟೂರಿನಲ್ಲಿ ಪ್ರಿಂಟ್ ತೆಗೆಸಿ, ಝೆರಾಕ್ಸ್ ಮಾಡಿಸಿ, ಹಿಟ್ಟಿನ ಗಿರಣಿಯ ಗೋಡೆಗೂ ಬಸ್ಸು ನಿಲ್ಲುವ ಕಟ್ಟೆಗೂ ಅಂಟಿಸಿದರು. ಮರುದಿನ ಊರೊಳಗಿನ ಮಕ್ಕಳೆಲ್ಲ ಮನೆಯಿಂದ ಡಬ್ಬಿ ತಂದವು. ನಮ್ಮ ಕೇರಿಯ ಮಕ್ಕಳು ಮಾತ್ರ ತಟ್ಟೆ ಹಿಡಿದು ಕೂತವು. ಅವ್ವ ಇಡೀ ಶಾಲೆಗಾಗುವಷ್ಟು ಮಾಡಿಟ್ಟಿದ್ದಳು. "ಆರಿ ತಣ್ಣಗಾಗೂ ಮಟ ಕಾದೆ ನೋಡವ್ವ, ಒಂದ ಕೂಸಾದ್ರೂ ಬರತೈತೇನೋ ಅಂತ" ಎಂದಳು.

ಆ ಫೋಟೋದಲ್ಲಿ ಅವಳು ಯಾಕೆ ನಗುತ್ತಿದ್ದಾಳೆ ಗೊತ್ತೇ? ತೆಗೆದವನು ಕದ್ದು ತೆಗೆಯಲಿಲ್ಲ. "ಪಕ್ಕೀರಮ್ಮ, ಒಂದು ಫೋಟೋ ತಗೀತೀನಿ, ಈಕಡಿ ನೋಡು, ನಗು" ಅಂದನಂತೆ. ಇವಳು ಸೆರಗು ಸರಿಮಾಡಿಕೊಂಡು, "ಪೇಪರ್ನಾಗ ಬರತೈತೇನ್ರಿ ಸಣ್ಣ ಸಾವ್ಕಾರ್ರ?" ಎಂದು ಕೇಳಿ ನಕ್ಕಳಂತೆ.

ನಿನ್ನ ಅಪ್ಪ ಗುರುಸಂಗಪ್ಪನವರು ಶಾಲಾ ಸಮಿತಿಯ ಅಧ್ಯಕ್ಷರು. ನೀನು ಆ ಗುಂಪಿನಲ್ಲಿದ್ದೀ. ನಾವಿಬ್ಬರೂ ಒಂದನೇ ಕ್ಲಾಸಿನಿಂದ ಕೊಟ್ಟೂರಿನ ಕಾಲೇಜು ಮುಗಿಯುವವರೆಗೆ ಒಂದೇ ಬೆಂಚು, ಒಂದೇ ಬಸ್ಸು. ನಾನು ಏನನ್ನೂ ಕೇಳುತ್ತಿಲ್ಲ. ನೀನು ಏನು ಹೇಳುತ್ತೀ ಎಂದು ಕಾಯುತ್ತಿದ್ದೇನೆ.

ಸಮತಾ


ಹಗರಿಬೊಮ್ಮನಹಳ್ಳಿ
14 ಆಗಸ್ಟ್ 2008

ಪ್ರೀತಿಯ ಸಮತಾ,

ಶರಣು. ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಅತ್ತೆಯವರು ಏನಾಯಿತೆಂದು ಕೇಳಿದರೆ ಕಣ್ಣಿಗೆ ಖಾರ ಬಿತ್ತು ಎಂದೆ.

ಹೌದು, ನಾನು ನೋಡಿದೆ. ಇವರು ಮೆಕ್ಕೆಜೋಳದ ವ್ಯಾಪಾರಕ್ಕೆಂದು ಮನೆಯಲ್ಲಿ ಕಂಪ್ಯೂಟರ್ ಇಟ್ಟಿದ್ದಾರಲ್ಲ, ಮಧ್ಯಾಹ್ನ ನಾನು ಕೂರುತ್ತೇನೆ. ನೋಡಿದ ಕೂಡಲೇ ನಾಚಿಕೆಯಾಗಿ ಮುಚ್ಚಿಬಿಟ್ಟೆ. ಆಮೇಲೆ ಆ ಕಡೆ ಹೋಗಲಿಲ್ಲ.

ಆದರೆ ಸಮತಾ, ಬರೆದವರು ಕೆಟ್ಟವರಲ್ಲ. ಓದುವ ಹುಡುಗರು. ಒಬ್ಬ ಬರೆದನೆಂದು ಇನ್ನೊಬ್ಬ ಬರೆಯುತ್ತಾನೆ, ತಾನು ಏನು ಬರೆದೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಅಜ್ಞಾನ, ಅಷ್ಟೇ. ನಾವು ಉತ್ತರ ಕೊಟ್ಟಷ್ಟೂ ಅವರಿಗೆ ಹುರುಪು. ಸುಮ್ಮನಿದ್ದರೆ ತಾನಾಗಿ ತಣ್ಣಗಾಗುತ್ತದೆ.

ಅಪ್ಪಾಜಿಯ ಹತ್ತಿರ ಮಾತಾಡಿದೆ. "ಪಕ್ಕೀರಮ್ಮನ ಮ್ಯಾಲ ನನಗೇನು ಸಿಟ್ಟಿಲ್ಲವ್ವ, ಆಕಿನ್ನ ತಗೊಂಡಾಂವ ನಾನ. ಆದ್ರ ಊರು ಒಡೀಬಾರದು. ದೀಪಾವಳಿ ಮಟ ಮನ್ಯಾಗ ಇರಲಿ, ಆಮ್ಯಾಲ ನೋಡಾಣ" ಎಂದರು. ನನಗೂ ಅದೇ ಒಳ್ಳೆಯದೆನಿಸಿತು. ನಿನ್ನ ಅವ್ವನಿಗೂ ವಯಸ್ಸಾಯಿತು, ಸ್ವಲ್ಪ ದಿನ ವಿಶ್ರಾಂತಿ ಸಿಕ್ಕ ಹಾಗಾಗುತ್ತದೆ.

ನನಗೆ ಜಾತಿಗೀತಿ ಇಲ್ಲವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಸ್ಸಿನಲ್ಲಿ ನಿನ್ನ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಬೆಳೆದವಳು ನಾನು. ನನ್ನನ್ನು ಅವರ ಜೊತೆ ಸೇರಿಸಬೇಡ.

ನಿನ್ನವಳೇ ಆದ
ಶಾಂಭವಿ


ಹರಪನಹಳ್ಳಿ
19 ಆಗಸ್ಟ್ 2008

ಶಾಂಭವಿ,

ನಿನ್ನ ಕಾಗದದಲ್ಲಿ ಕಣ್ಣೀರಿದೆ, ನಾಚಿಕೆಯಿದೆ, ರೊಟ್ಟಿಯಿದೆ, ದೀಪಾವಳಿಯೂ ಇದೆ. ನಿನ್ನ ತಮ್ಮ ಗುರುಬಸವರಾಜನ ಹೆಸರು ಮಾತ್ರ ಇಲ್ಲ.

ಫೋಟೋ ತೆಗೆದವನು ಅವನು. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿನಿಂದ ರಜೆಗೆ ಬಂದು, ನಿನ್ನ ಅಪ್ಪನ ಹಿಂದೆ ಸಮಿತಿಯ ಸಭೆಗೆ ಹೋಗಿ, ಹೊಸ ಕ್ಯಾಮೆರಾ ಫೋನಿನಲ್ಲಿ ತೆಗೆದ. ಅವ್ವನ ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದ ಮಾಳಮ್ಮನೂ ನೋಡಿದ್ದಾಳೆ. ಗುಂಪಿನಲ್ಲಿ 'ಒಂಟಿ ಹುಲಿ' ಎಂಬ ಹೆಸರಿಟ್ಟುಕೊಂಡು ಅದನ್ನು ಹಾಕಿದವನೂ ಅವನೇ. ನಿನ್ನ ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿದವಳು ನೀನು. ಅವನ ಮಾತಿನ ಗುರುತು ನಿನಗೆ ಸಿಗಲಿಲ್ಲವೇ?

ಹುಡುಗರು ಅನ್ನುತ್ತೀ. ಅವರಿಗೆ ವೋಟಿದೆ, ಮೀಸೆಯಿದೆ, ಬೈಕಿದೆ. ನನ್ನ ಅವ್ವನ ವಿಷಯಕ್ಕೆ ಬಂದಾಗ ಮಾತ್ರ ಹುಡುಗರಾಗುತ್ತಾರೆ. ಸುಮ್ಮನಿದ್ದರೆ ತಣ್ಣಗಾಗುತ್ತದಂತೆ! ತಣ್ಣಗಾದದ್ದು ಅವಳು ಮಾಡಿಟ್ಟ ಅನ್ನ. ತಪ್ಪೇ ಮಾಡದವಳನ್ನು ಮನೆಯಲ್ಲಿ ಕೂರಿಸುವುದಕ್ಕೆ ವಿಶ್ರಾಂತಿ ಎಂದು ಹೆಸರಿಟ್ಟೆಯಲ್ಲ, ಅದು ಹುಲಿಗಳಿಗೂ ಹೊಳೆದಿರಲಿಲ್ಲ.

ನಾನು ಸುಮ್ಮನೆ ಕೂತಿಲ್ಲ. ಇಲ್ಲಿನ ಸೈಬರ್ ಸೆಂಟರಿನಲ್ಲಿ ಕೂತು, ಆ ತಾಣ ನಡೆಸುವ ಕಂಪನಿಗೆ ದೂರು ಕೊಟ್ಟೆ. ಪರಿಶೀಲಿಸಿದ್ದೇವೆ, ನಮ್ಮ ನಿಯಮಕ್ಕೆ ವಿರುದ್ಧವಾದದ್ದೇನೂ ಕಾಣಲಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಹೇಗೆ ಕಂಡೀತು? ಅವರು ಹುಡುಕುವುದು ಇಂಗ್ಲಿಷಿನ ಬೈಗುಳ. ಇವರು ಬೈಗುಳವನ್ನೇ ಬರೆದಿಲ್ಲ. ನೀಲಿ ಅಂದರೆ ಅವರಿಗೆ ಒಂದು ಬಣ್ಣ. ಜಳಕ ಮಾಡಿ ಒಳಗೆ ಬನ್ನಿ ಅಂದರೆ ಸ್ವಚ್ಛತೆಯ ಪಾಠ. ಅಳಿಯ ಅಂದರೆ ನೆಂಟಸ್ತಿಕೆ.

ಅದಕ್ಕೆ ಒಂದೊಂದು ಸಾಲಿಗೂ ಅರ್ಥ ಬರೆಯಲು ಕೂತೆ. ನೀಲಿ ನಮ್ಮ ಬಾವುಟದ ಬಣ್ಣ, ಜಾತಿಯ ಹೆಸರು ಹಿಡಿಯದೆ ನಮ್ಮತ್ತ ಬೆರಳು ಮಾಡಲು ಇವರು ಅದನ್ನು ಬಳಸುತ್ತಾರೆ ಎಂದು ಬರೆದೆ. ಹೊರಗೆ ಜಳಕ ಎಂದರೆ ನಮ್ಮ ಕೈಯಿಂದ ಮೈಲಿಗೆಯಾಯಿತು ಎಂದರ್ಥ, ಅಳಿಯ ಎಂದರೆ ನಾವು ಓದಿ ಪಡೆದ ಕೆಲಸ ಬಿಟ್ಟಿ ಸಿಕ್ಕಿದ್ದು ಎಂದರ್ಥ ಎಂದು ಬರೆದೆ. ನನ್ನ ಅವ್ವನನ್ನು ಅಂದ ಮಾತನ್ನೆಲ್ಲ ನಾನೇ ಡಿಕ್ಷನರಿ ನೋಡಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಅನ್ನಬೇಕಾಯಿತು ಶಾಂಭವಿ. ಸತ್ತ ಎಮ್ಮೆಯ ಸಾಲಿಗೆ ವಿವರಣೆ ಬರೆಯುವಾಗ ಎರಡು ಸಲ ಎದ್ದು ಹೊರಗೆ ಹೋದೆ. ಅಳು ಬಂದು ಅಲ್ಲ.

ಪೊಲೀಸರ ಹತ್ತಿರವೂ ಹೋದೆ. ಒಂದು ಠಾಣೆಯಲ್ಲಿ, "ಇದು ದಾವಣಗೆರಿ ಜಿಲ್ಲಾ, ನಿಮ್ಮೂರು ಬಳ್ಳಾರಿ ಜಿಲ್ಲಾ. ಅಲ್ಲಿಗೆ ಹೋಗ್ರಿ" ಎಂದರು. ಅಲ್ಲಿಗೆ ಹೋದರೆ, "ಕಂಪ್ಯೂಟರ್ನಾಗ ಬರದಿದ್ದಕ್ಕ ಯಾವ ಊರು ಅಂತ ಹಾಕೂಣ್ರಿ ಮೇಡಂ?" ಎಂದರು. ನಾನು ಎದ್ದು ಬರಲಿಲ್ಲ. ಕೊನೆಗೆ ಅಲ್ಲಿನ ಸಾಹೇಬರು ಅರ್ಜಿ ತೆಗೆದುಕೊಂಡು ಒಂದು ಮಾತು ಕೇಳಿದರು: "ಬರದಾಂವ ಇಂಥಾಂವನ ಅಂತ ಹೇಳಾಕ ನಿಮ್ಮೋರು ಬಿಟ್ಟು ಬ್ಯಾರೆ ಯಾರಾದ್ರೂ ಬರ್ತಾರೇನ್ರಿ?"

ಈಗ ಕೇಳುತ್ತಿದ್ದೇನೆ. ನೀನು ಆ ಗುಂಪಿನೊಳಗಿದ್ದೀ. ಒಂಟಿ ಹುಲಿ ಯಾರೆಂದು ನಿನಗೆ ಗೊತ್ತು. ಅದನ್ನು ಠಾಣೆಯಲ್ಲಿ ಹೇಳಿ ಸಹಿ ಮಾಡುತ್ತೀಯಾ? ಮಾಡುತ್ತೇನೆ ಎನ್ನು, ಇಲ್ಲ ಎನ್ನು. ಸಮಾಧಾನ ಮಾತ್ರ ಬರೆಯಬೇಡ.

ಸಮತಾ


ಹಗರಿಬೊಮ್ಮನಹಳ್ಳಿ
27 ಸೆಪ್ಟೆಂಬರ್ 2008

ಸಮತಾ,

ಇಷ್ಟು ದಿನ ಬರೆಯಲಿಲ್ಲ, ಬೈದುಕೊಂಡಿರುತ್ತೀ. ಬರೆದು ಬರೆದು ಹರಿದು ಹಾಕಿದೆ.

ಈ ವಾರ ಊರಿಗೆ ಹೋಗಿದ್ದೆ. ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ನೆಟ್ಟಗೆ ಶಾಲೆಗೆ ಹೋದೆ. ಅಪ್ಪಾಜಿ ಮನೆಯಲ್ಲಿರು ಎಂದರೂ ನಿನ್ನ ಅವ್ವ ಬರುವುದನ್ನು ನಿಲ್ಲಿಸಿರಲಿಲ್ಲ. ಆರ್ಡರ್ ಕೈಗೆ ಕೊಟ್ಟ ದಿನ ನಿಲ್ಲಿಸುತ್ತೇನೆ ಎಂದಿದ್ದರಂತೆ. ನಾನು ಒಂದು ತಟ್ಟೆ ತೆಗೆದುಕೊಂಡು ನಿಮ್ಮ ಕೇರಿಯ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತೆ. ನಿನ್ನ ಅವ್ವ ಒಂದು ಗಳಿಗೆ ಸೌಟು ಹಿಡಿದು ನಿಂತರು. ಆಮೇಲೆ ಬಡಿಸಿದರು. ಎಲ್ಲರೂ ನೋಡುವಂತೆ ಉಂಡೆ. ಹೆಡ್ಮಾಸ್ತರು, ಡಬ್ಬಿ ಹಿಡಿದ ಮಕ್ಕಳು, ಕಿಟಕಿಯ ಆಚೆ ಜನ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ಪೂರ್ತಿ ಉಂಡೆ.

ಮನೆಗೆ ಬಂದರೆ ಅಪ್ಪಾಜಿ ಎದ್ದು ಹೊರಗೆ ಹೋದರು. ಸಂಜೆಗೆ ಗುಂಪಿನಲ್ಲಿ ನನ್ನ ಫೋಟೋ ಬಂದಿತ್ತು. ನನಗೆ 'ನೀಲಿ ಸೊಸಿ' ಎಂದು ಹೆಸರಿಟ್ಟಿದ್ದಾರೆ. ಉಳಿದದ್ದನ್ನು ಬರೆಯಲಾರೆ. ಈಗ ನನಗೂ ಅರ್ಥವಾಯಿತು, ನಿನಗೆ ಏನಾಗಿತ್ತೆಂದು. ನಾವಿಬ್ಬರೂ ಈಗ ಒಂದೇ ಅಲ್ಲವೇ?

ಸಹಿ ಒಂದನ್ನು ಕೇಳಬೇಡ. ಅವನು ಕೊನೆಯ ವರ್ಷದಲ್ಲಿದ್ದಾನೆ. ಕೇಸಾದರೆ ಅವನ ಬದುಕೇ ಹೋಗುತ್ತದೆ. ನಮ್ಮವ್ವ ಸಾಯುವಾಗ ಅವನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದಳು.

ಶಾಂಭವಿ


ಹರಪನಹಳ್ಳಿ
2 ಅಕ್ಟೋಬರ್ 2008

ಶಾಂಭವಿ,

ನೀನು ಉಂಡದ್ದನ್ನು ಅವ್ವ ಹೇಳಿದಳು. "ಪಾಪ, ಆ ಹುಡುಗಿ ಗಂಟಲಾಗ ಅನ್ನ ಇಳೀವಲ್ದಾಗಿತ್ತು. ನೀರು ಕೊಟ್ಟೆ" ಎಂದಳು. ನಿನಗಾಗಿ ಅವಳಿಗೆ ಸಂಕಟವಾಗಿದೆ. ನನಗೆ ಆಗಿಲ್ಲ.

ನನ್ನ ಅವ್ವ ಬಡಿಸಿದ ಅನ್ನ ಉಣ್ಣಲು ಎದೆ ಗಟ್ಟಿ ಮಾಡಿಕೊಳ್ಳಬೇಕು ಎಂದು ನೀನೂ ಒಪ್ಪಿಕೊಂಡೆಯಲ್ಲ. ಬಸ್ಸಿನಲ್ಲಿ ಆ ರೊಟ್ಟಿಯನ್ನು ಮನೆಯವರಿಗೆ ತಿಳಿಯದ ಹಾಗೆ ತಿನ್ನುತ್ತಿದ್ದೆ, ಈಗ ಊರಿಗೆಲ್ಲ ಕಾಣುವ ಹಾಗೆ ತಿಂದೆ. ಎರಡು ಸಲವೂ ಅದು ಬರೀ ಊಟವಾಗಲಿಲ್ಲ.

ನಾವಿಬ್ಬರೂ ಒಂದೇ ಅಲ್ಲ. ನಿನ್ನನ್ನು ಬೈದದ್ದು ನೀನು ಮಾಡಿದ್ದಕ್ಕೆ. ನಾಳೆ ನೀನು ಉಣ್ಣುವುದನ್ನು ಬಿಟ್ಟರೆ ಅವರೂ ಬಿಡುತ್ತಾರೆ. ಅವ್ವ ಏನನ್ನು ಬಿಟ್ಟರೆ ಬಿಟ್ಟಾರು? ಹುಟ್ಟಿದ್ದನ್ನೇ?

ಅವನ ಬದುಕು ಹೋಗುತ್ತದೆ ಅನ್ನುತ್ತೀ. ಆ ಮಾತನ್ನು ಎರಡು ಕಾಗದಗಳಲ್ಲಿ ನಾನು ನನ್ನ ಅವ್ವನ ಬಗ್ಗೆ ಹೇಳುತ್ತಾ ಬಂದಿದ್ದೇನೆ. ನಿನ್ನ ತಮ್ಮನ ಹೆಸರು ಬರುವ ತನಕ ನಿನಗೆ ಅದು ಕೇಳಿಸಲಿಲ್ಲ.

ಇನ್ನು ನಾನಾಗಿ ಬರೆಯುವುದಿಲ್ಲ.

ಸಮತಾ


ಹಗರಿಬೊಮ್ಮನಹಳ್ಳಿ
16 ನವೆಂಬರ್ 2008

ಸಮತಾ,

ನಾನು ಸಹಿ ಮಾಡಿದೆ. ಹೇಗಾಯಿತೆಂದು ಹೇಳುತ್ತೇನೆ.

ದೀಪಾವಳಿಗೆ ತಮ್ಮ ಬಸವರಾಜ ನಮ್ಮ ಮನೆಗೆ ಬಂದಿದ್ದ. ಹೋಳಿಗೆ ಬಡಿಸಿ ಪಕ್ಕದಲ್ಲಿ ಕೂತು ಕೇಳಿದೆ. ಅವನು ಮುಚ್ಚಿಡಲಿಲ್ಲ. "ಹೌದು, ನಾನ. ಏನೀಗ?" ಎಂದ.

"ಮಕ್ಕಳು ವಾಂತಿ ಮಾಡ್ಕೊಂಡವು ಅಂತ ಬರದಿಯಲ್ಲ, ನಿಂಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ, ನಾನ ಬರದೆ. ಊರೆಲ್ಲ ನಂಬ್ತಲ್ಲ?" ಎಂದು ನಕ್ಕ.

"ಆಕಿ ನಿನಗೇನು ಮಾಡಿದ್ಲಲೇ?"

"ಅಕ್ಕಾ, ನಮ್ಮ ಕಣದಾಗ ಕಾಳು ಆರಿಸ್ಕೊಂಡು ಹೋಗಾಕಿ ಆಕಿ. ಈಗ ಮಗಳು ಲೆಕ್ಚರರ್. ತಾಯಿ ನಮ್ಮ ಹುಡುಗ್ರಿಗೆ ಉಣ್ಣಾಕ ಇಕ್ಕತಾಳ. ನಾಳಿ ನಾವು ಅವರ ಮುಂದ ಕೈಕಟ್ಟಿ ನಿಲ್ಲಬೇಕೇನು?"

ಅಜ್ಞಾನ ಎಂದು ನಿನಗೆ ಬರೆದಿದ್ದೆ. ಅವನಿಗೆ ಎಲ್ಲವೂ ಗೊತ್ತಿತ್ತು ಸಮತಾ. ಸುಳ್ಳೆಂದೂ ಗೊತ್ತಿತ್ತು, ಅದು ಏನು ಮಾಡುತ್ತದೆ ಎಂದೂ ಗೊತ್ತಿತ್ತು. ಹೇಳಿ ಮುಗಿಸಿ, ಇನ್ನೊಂದು ಹೋಳಿಗೆ ಹಾಕು ಎಂದ. ನಾನು ಹಾಕಲಿಲ್ಲ.

ಗುಂಪಿನ ಪುಟಗಳನ್ನೆಲ್ಲ ಪ್ರಿಂಟ್ ತೆಗೆದೆ. ಯಾವ ಹುಲಿ ಯಾರೆಂದು ನನಗೆ ಗೊತ್ತಿರುವಷ್ಟನ್ನು ಪಕ್ಕದಲ್ಲಿ ಬರೆದೆ. ನನ್ನ ಗಂಡ ಅರುಣಕುಮಾರ್ ಬೇಡ ಅನ್ನಲಿಲ್ಲ, ಜೊತೆಗೂ ಬರಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಬೈಕಿನಲ್ಲಿ ಬಿಟ್ಟು, ಹೆಲ್ಮೆಟ್ಟನ್ನೂ ತೆಗೆಯದೆ ಹೊರಟುಹೋದರು. ಅತ್ತೆ ಶಿವಬಸಮ್ಮನವರು, "ಒಡಹುಟ್ಟಿದಾಂವನ್ನ ಸ್ಟೇಷನ್ನಿಗೆ ಹಾಕ್ಸಾಕಿ ನಮ್ಮನ್ನ ಬಿಡ್ತಾಳೇನು?" ಎಂದು ಓಣಿಗೆ ಕೇಳುವಂತೆ ಕೂಗಿದರು. ಠಾಣೆಯಲ್ಲಿ ತಮ್ಮನ ಹೆಸರು ಕೇಳಿದಾಗ ಅವರ ಪೆನ್ನನ್ನೇ ಈಸಿಕೊಂಡೆ. ಬರೆದುಕೊಟ್ಟೆ.

ಅಪ್ಪಾಜಿ ಫೋನು ಮಾಡಿದ್ದರು. "ಇನ್ನ ಈ ಮನಿಗೆ ಬರಬ್ಯಾಡವ್ವ" ಎಂದರು. ಅಷ್ಟೇ.

ನೀನು ಉತ್ತರ ಬರೆಯಬೇಕೆಂದಿಲ್ಲ.

ಶಾಂಭವಿ


ಹರಪನಹಳ್ಳಿ
11 ಜನವರಿ 2009

ಶಾಂಭವಿ,

ಬರೆಯಬೇಕೆಂದಿಲ್ಲ ಎಂದೆ. ಬರೆಯುತ್ತಿದ್ದೇನೆ. ನಿನಗೆ ಈಗ ಊರಿನ ಸುದ್ದಿ ಹೇಳುವವರಿಲ್ಲ.

ನಿನ್ನ ಹೇಳಿಕೆಯ ಮೇಲೆ ಕೇಸು ದಾಖಲಾಯಿತು. ನಿನ್ನ ತಮ್ಮ ಜಾಮೀನಿನ ಮೇಲೆ ಹೊರಗಿದ್ದಾನೆ. ಕಳೆದ ತಿಂಗಳು ನಿನ್ನ ಅಪ್ಪ ಅವನನ್ನು ಕರೆದುಕೊಂಡು, ಊರ ಹಿರಿಯರ ಜೊತೆ ರಾಜಿಗೆಂದು ನಮ್ಮ ಕೇರಿಗೆ ಬಂದರು. ಅಂದು ನಾನೂ ಮನೆಯಲ್ಲಿದ್ದೆ. ನಮ್ಮಪ್ಪ ಉಚ್ಚಂಗೆಪ್ಪ ಚಾಪೆ ಹಾಸಿದ. ಯಾರೂ ಕೂರಲಿಲ್ಲ.

"ಪಕ್ಕೀರಮ್ಮ, ಹುಡುಗ ತಪ್ಪು ಮಾಡ್ಯಾನ. ನಿನ್ನ ಕಾಲಿಗೆ ಬೀಳಸ್ತೀನಿ, ಇಲ್ಲಿಗೆ ಮುಗಿಸಿಬಿಡು" ಎಂದರು ನಿನ್ನ ಅಪ್ಪ.

ಅವನು ಬಗ್ಗಿದ. ಅವ್ವ ಹಿಂದಕ್ಕೆ ಸರಿದಳು.

"ಮುಟ್ಟಬ್ಯಾಡ. ಮನಿಗೆ ಹೋಗಿ ಹೊರಗ ಜಳಕ ಮಾಡಬೇಕಾಗತೈತಿ."

ಹುಟ್ಟಿದಾಗಿನಿಂದ ಅವನನ್ನು ಸಾವ್ಕಾರ್ರ ಎಂದವಳು, ನೀನು ಎಂದು ಮಾತಾಡಿಸಿದಳು. "ನನ್ನ ಕಾಲಾಗ ಏನೈತಿ? ಎಲ್ಲಿ ಬರದೀಯೋ ಅಲ್ಲೇ ಬರಿ. ಹುಲಿ ಗಿಲಿ ಅಂತಲ್ಲ, ನಿಮ್ಮಪ್ಪ ಇಟ್ಟ ಹೆಸರು ಹಾಕು. ಯಾವ ಕೂಸೂ ವಾಂತಿ ಮಾಡ್ಲಿಲ್ಲ, ನಾನು ಸುಳ್ಳು ಬರದೆ ಅಂತ ಬರಿ. ಗಿರಣಿ ಗ್ವಾಡಿಗೂ ನಿನ್ನ ಕೈಯಾರ ಹಚ್ಚು."

"ಅಷ್ಟು ಮಾಡಿದ್ರ ಕೇಸು ವಾಪಸ್ ತಗೋತೀಯ?" ಎಂದು ಹಿರಿಯರಲ್ಲೊಬ್ಬರು ಕೇಳಿದರು.

"ಅದು ಬ್ಯಾರೆ, ಇದು ಬ್ಯಾರೆ" ಎಂದು ಅವ್ವ ಒಳಗೆ ಹೋದಳು.

ಅವನು ಬರೆದ. ಹೆಸರು ಹಾಕಿ, ಕನ್ನಡ ಅಕ್ಷರದಲ್ಲಿ ಬರೆದ. ಪಶ್ಚಾತ್ತಾಪವೋ ವಕೀಲರ ಸಲಹೆಯೋ ನನಗೆ ಬೇಕಿಲ್ಲ. ಆದರೆ ಕೇಳು. ನಾನು ಆಗಸ್ಟಿನಿಂದ ಬರೆಯುತ್ತಿದ್ದ ದೂರುಗಳಿಂದ ಆ ಕಂಪನಿಗೆ ಆಗ ಎಚ್ಚರವಾಯಿತು. ಅವನು ಬರೆದ ಎರಡೇ ದಿನಕ್ಕೆ ಇಡೀ ಗುಂಪನ್ನು ಅಳಿಸಿಹಾಕಿದರು. ಅವನ ತಪ್ಪೊಪ್ಪಿಗೆಯೂ ಅದರ ಜೊತೆಗೇ ಹೋಯಿತು. ಅಷ್ಟು ತಿಂಗಳು ಇದ್ದದ್ದು ಸುಳ್ಳು, ಎರಡು ದಿನ ಇದ್ದದ್ದು ನಿಜ. ಸೈಬರ್ ಸೆಂಟರಿನಲ್ಲಿ ಆ ಖಾಲಿ ಪುಟ ನೋಡಿ ಮೇಜು ಗುದ್ದಿದೆ. ಪಕ್ಕದವರೆಲ್ಲ ತಿರುಗಿ ನೋಡಿದರು.

ಗಿರಣಿಯ ಗೋಡೆಯ ಮೇಲಿನ ಹಾಳೆ ಇದೆ. ಅವ್ವನ ಕೆಲಸವೂ ಉಳಿದಿದೆ. ತಾಲ್ಲೂಕಿನ ಅಧಿಕಾರಿ ಬಂದು, ಇವರನ್ನು ತೆಗೆಯುವ ಹಾಗಿಲ್ಲ ಎಂದು ಸಮಿತಿಗೆ ಬರೆದುಕೊಟ್ಟು ಹೋದರು. ಊರೊಳಗಿನ ಕೆಲವು ಮಕ್ಕಳು ತಟ್ಟೆ ತರುತ್ತಿವೆ, ಕೆಲವು ಇನ್ನೂ ಡಬ್ಬಿ ತರುತ್ತವೆ. ಮೊದಲು ಬಂದ ಹುಡುಗಿಗೆ ಅವ್ವ ಮುದ್ದು ಗಿದ್ದು ಏನೂ ಮಾಡಲಿಲ್ಲವಂತೆ. ಅನ್ನ ಚೆಲ್ಲಿದ್ದಕ್ಕೆ ಬೈದಳಂತೆ.

ಹುಲಿಗಳು ಬೇರೆ ಹೆಸರಿನಲ್ಲಿ ಮತ್ತೊಂದು ಗುಂಪು ಕಟ್ಟಿದ್ದಾರೆ. ಈಗ ಗುರಿ ನಾವಷ್ಟೇ ಅಲ್ಲ. ಹಡಗಲಿಯಿಂದ ನನ್ನ ಕ್ಲಾಸಿಗೆ ಬರುವ ಒಬ್ಬ ಮುಸ್ಲಿಂ ಹುಡುಗಿ ತನ್ನ ಅಣ್ಣನ ಅಂಗಡಿಯ ಮೇಲೆ ಬರೆದದ್ದನ್ನು ತಂದು ತೋರಿಸಿದಳು. ತಾಂಡಾದ ಹುಡುಗಿಯೊಬ್ಬಳು ಇನ್ನೊಂದನ್ನು ತಂದಳು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ನಾವು ಸೈಬರ್ ಸೆಂಟರಿನಲ್ಲಿ ಕೂರುತ್ತೇವೆ. ಸಾಲು ಸಾಲಿಗೂ ಅರ್ಥ ಬರೆದು ಕಳಿಸುತ್ತೇವೆ. ಸುಳ್ಳಿದ್ದರೆ ಅದರ ಕೆಳಗೇ, ನಮ್ಮ ಹೆಸರು ಹಾಕಿ, ನಿಜ ಬರೆಯುತ್ತೇವೆ. ದಿನಕ್ಕೊಂದು ಹೊಸ ಮಾತು ಕಟ್ಟುತ್ತಾರೆ. ಕೆಲವು ನಮಗೆ ತಿಳಿಯುವುದೇ ಇಲ್ಲ, ಏಕೆಂದರೆ ಅವು ಹುಟ್ಟುವುದು ನಮ್ಮನ್ನು ಒಳಗೆ ಬಿಡದ ಮನೆಗಳಲ್ಲಿ.

ಅಲ್ಲಿ ಹುಟ್ಟಿ ಬೆಳೆದವಳು ನೀನು. ಆ ಮಾತುಗಳು ನಿನಗೆ ಗೊತ್ತು.

ನಿನ್ನ ಮೇಲಿನ ಕೋಪ ಹೋಯಿತೆಂದು ತಿಳಿಯಬೇಡ. ನೀನು ಸಹಿ ಮಾಡಲು ಮೂರು ತಿಂಗಳು ಬೇಕಾಯಿತು, ಆ ಮೂರು ತಿಂಗಳೂ ಅವ್ವ ಊರೊಳಗಿನ ಮಕ್ಕಳ ಖಾಲಿ ಸಾಲಿನ ಮುಂದೆ ಸೌಟು ಹಿಡಿದು ನಿಂತಿದ್ದಳು. ಆದರೂ ಬರುವ ಶನಿವಾರ ಬಾ. ಅಳುವುದಿದ್ದರೆ ಬರಬೇಡ. ಓದುವುದು ಬಹಳ ಇದೆ.

ಸಮತಾ